ವಿಎ ಲೋನಲ್ಲಿ ಮನೆ ತಗೊಂಡ್ವಿ: ಇನ್‌ಸ್ಪೆಕ್ಷನ್, ಅಪ್ರೈಸಲ್, ಕಿಟಕಿ ಸರಳು ಮತ್ತೆ ಆಷಾಢ

ಜೂನ್ 30ಕ್ಕೆ ಅಂತೂ ಕೀ ಕೈಗೆ ಬಂತು. ಕಾಂಟ್ರಾಕ್ಟಿಗೆ ಸೈನ್ ಹಾಕಿದ್ದು ಮೇ 5ಕ್ಕೆ, ಮುಗೀಬೇಕಾಗಿದ್ದು ಜೂನ್ 4ಕ್ಕೆ, ಮುಗಿದಿದ್ದು ಎಂಟು ವಾರಕ್ಕೆ. ವಿಎ ಲೋನ್ ಅಂದ್ರೆ ಅಮೆರಿಕದಲ್ಲಿ ಮಾಜಿ ಸೈನಿಕರನ್ನ ನೋಡ್ಕೊಳ್ಳೋ ವೆಟರನ್ಸ್ ಅಫೇರ್ಸ್ ಇಲಾಖೆಯ (ವಿಎ) ಗ್ಯಾರಂಟಿ ಮೇಲೆ ಸಿಗೋ ಮನೆ ಸಾಲ. ಈ ಎಂಟು ವಾರದಲ್ಲಿ ನಾನು ಪಟ್ಟ ಪಾಡಲ್ಲಿ ಅರ್ಧದಷ್ಟು ಬರೀ ಗೊತ್ತಿಲ್ದೇ ಇದ್ದಿದ್ದಕ್ಕೆ ಆಗಿದ್ದು, ಅದಕ್ಕೇ ಮರೆಯೋ ಮುಂಚೆ ಬರೆದು ಬಿಡ್ತೀನಿ. ಅಮೆರಿಕದ ಸೈನ್ಯದಲ್ಲಿ ಕೆಲಸ ಮಾಡಿರೋ ಕನ್ನಡದೋರು ಎಷ್ಟು ಜನ ಇದೀರೋ ಗೊತ್ತಿಲ್ಲ, ಆದ್ರೆ ಗ್ರೀನ್ ಕಾರ್ಡ್ ಇಟ್ಕೊಂಡೋ, ಗ್ರೀನ್ ಕಾರ್ಡ್ ಇಲ್ದೋರನ್ನೂ ತಗೊಳ್ತಿದ್ದ ಮ್ಯಾವ್ನಿ ಸ್ಕೀಮಲ್ಲೋ ಸೇರಿ, ಈಗ ಹೊರಗೆ ಬಂದು ಮನೆ ಹುಡುಕ್ತಿರೋರು ನನಗೇ ಮೂರ್ನಾಲ್ಕು ಜನ ಗೊತ್ತು. ಅವರೆಲ್ಲಾ ಕೇಳೋದು ಒಂದೇ ಪ್ರಶ್ನೆ, "ವಿಎ ಅಪ್ರೈಸಲ್ (ಮನೆಗೆ ಬೆಲೆ ಕಟ್ಟೋದು) ಆಗತ್ತಲ್ಲ, ಮತ್ತೆ ಇನ್‌ಸ್ಪೆಕ್ಷನ್ (ಮನೆ ತಪಾಸಣೆ) ಯಾಕೆ?" ನಾನೂ ಇದನ್ನೇ ಕೇಳಿದ್ದೆ.

ನಮ್ಮೂರು ದಾವಣಗೆರೆ. ಗ್ರೀನ್ ಕಾರ್ಡಲ್ಲಿ ಬಂದು ಆರ್ಮಿ ಸೇರಿ ಆರು ವರ್ಷ ಇದ್ದೆ, ಟೆಕ್ಸಸ್‌ನ ಫೋರ್ಟ್ ಹುಡ್, ಮಧ್ಯ ಒಂದು ವರ್ಷ ಕೊರಿಯಾ. ಸಿಟಿಜನ್ ಆಗಿದ್ದೂ ಆ ಸರ್ವೀಸಲ್ಲೇ. ಈಗ ಸ್ಯಾನ್ ಆಂಟೋನಿಯೋದಲ್ಲಿ ಸಿವಿಲಿಯನ್ ಕೆಲಸ. ಈ ಊರಲ್ಲಿ ಕಲ್ಲು ಎಸೆದ್ರೆ ಒಬ್ಬ ಮಾಜಿ ಸೈನಿಕನ ತಲೆಗೆ ಬೀಳತ್ತೆ, ಲ್ಯಾಕ್‌ಲ್ಯಾಂಡು, ಫೋರ್ಟ್ ಸ್ಯಾಮ್ ಹ್ಯೂಸ್ಟನ್ನು, ರ‍್ಯಾಂಡಾಲ್ಫ್ ಮೂರೂ ಇಲ್ಲೇ. ಹಾಗಾಗಿ ವಿಎ ಲೋನ್ ಅಂದ್ರೆ ಇಲ್ಲಿನ ಏಜೆಂಟ್‌ಗಳಿಗೆ ಹೊಸದೇನಲ್ಲ. ಆದ್ರೂ ಮಾರೋರಿಗೆ ಆ ಹೆಸರು ಕೇಳಿದ್ರೆ ಮುಖ ಹುಳ್ಳಗಾಗತ್ತೆ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ. 1944ರ ಜಿಐ ಬಿಲ್‌ನಿಂದ ಬಂದಿರೋ ಸೌಲಭ್ಯ ಇದು. ಸಾಲ ಕೊಡೋದು ವಿಎ ಅಲ್ಲ, ಬ್ಯಾಂಕೋ ಲೆಂಡರೋ ಕೊಡ್ತಾರೆ, ಅದರಲ್ಲಿ ಒಂದು ಭಾಗಕ್ಕೆ ವಿಎ ಗ್ಯಾರಂಟಿ ನಿಲ್ಲತ್ತೆ. ಡೌನ್ ಪೇಮೆಂಟ್ ಸೊನ್ನೆ ಇದ್ರೂ ನಡೆಯತ್ತೆ, ತಿಂಗಳು ತಿಂಗಳು ಪಿಎಂಐ ಅಂತ ಸಾಲದ ವಿಮೆ ಕಟ್ಟೋದೂ ಇಲ್ಲ. ಅದರ ಬದಲು ಒಂದೇ ಸಲ ಫಂಡಿಂಗ್ ಫೀ ಇದೆ, ಮೊದಲ ಸಲ ಉಪಯೋಗಿಸೋರು ಡೌನ್ ಪೇಮೆಂಟ್ ಇಲ್ಲದೆ ತಗೊಂಡ್ರೆ ಸಾಲದ ಶೇ. 2.15. ವಿಎ ಇಂದ ಡಿಸೆಬಿಲಿಟಿ ದುಡ್ಡು ಬರ್ತಾ ಇರೋರಿಗೆ ಈ ಫೀ ಪೂರ್ತಿ ಮಾಫಿ. ನನಗೆ ಕಿವಿಯಲ್ಲಿ ಗುಂಯ್ ಅನ್ನೋದಕ್ಕೆ ಶೇ. 10 ಡಿಸೆಬಿಲಿಟಿ ರೇಟಿಂಗ್ ಇದೆ. ಆದ್ರೂ ಲೆಂಡರ್ ಕಳಿಸಿದ ಮೊದಲ ಎಸ್ಟಿಮೇಟಲ್ಲಿ ಐದು ಸಾವಿರ ಚಿಲ್ಲರೆ ಫಂಡಿಂಗ್ ಫೀ ಅಂತ ಹಾಕಿ ಸಾಲಕ್ಕೆ ಸೇರಿಸಿಬಿಟ್ಟಿದ್ರು. ನಾನು ಕೇಳಿದ್ಮೇಲೆ "ಓ, ಸಿಓಇ ನೋಡ್ತೀವಿ" ಅಂದ್ರು. ಸಿಓಇ ಅಂದ್ರೆ ಸರ್ಟಿಫಿಕೇಟ್ ಆಫ್ ಎಲಿಜಿಬಿಲಿಟಿ, ಅದರಲ್ಲೇ ನಿಮಗೆ ಫೀ ಮಾಫಿಯೋ ಅಲ್ವೋ ಅಂತ ಬರೆದಿರತ್ತೆ. ನಿಮ್ಮ ಕಣ್ಣಾರೆ ಓದಿ, ಯಾರ ಮಾತೂ ನಂಬಬೇಡಿ. ಅದಕ್ಕೆ ಬೇಕಾಗಿರೋದು ಡಿಡಿ-214, ಅಂದ್ರೆ ಸೈನ್ಯ ಬಿಟ್ಟಾಗ ಕೊಡೋ ಬಿಡುಗಡೆ ಪತ್ರ, ಅದರಲ್ಲೂ ಮೆಂಬರ್-4 ಕಾಪಿ, ಬಿಡುಗಡೆ ಹೇಗೆ ಆಯ್ತು ಅನ್ನೋದು ಇರೋ ಕಾಪಿ. ನನ್ನದು ಎಲ್ಲೋ ಪೆಟ್ಟಿಗೆ ತಳದಲ್ಲಿತ್ತು, ಹುಡುಕೋಕೆ ಒಂದು ಭಾನುವಾರ ಹೋಯ್ತು. ಹುಡುಕಿದ್ಮೇಲೆ ಗೊತ್ತಾಯ್ತು, ಲೆಂಡರ್ ಕಂಪ್ಯೂಟರಲ್ಲಿ ಹತ್ತು ನಿಮಿಷಕ್ಕೆ ಸಿಓಇ ತೆಗೆದು ಇಟ್ಕೊಂಡಿದ್ರು ಅಂತ!

ಮನೆ 1974ರದ್ದು. ಮೂರು ಬೆಡ್‌ರೂಮು, ಒಂದೇ ಅಂತಸ್ತು, ಹೊರಗೆ ಇಟ್ಟಿಗೆ, ಕೆಳಗೆ ಕಾಂಕ್ರೀಟ್ ಸ್ಲ್ಯಾಬು, ಹಿತ್ತಲಲ್ಲಿ ಒಂದು ದೊಡ್ಡ ಪೆಕಾನ್ ಮರ. ಆ ಮರ ನೋಡೇ ನಮ್ಮನೆಯೋಳು ಬಿದ್ದು ಹೋದ್ಲು. 274 ಸಾವಿರ ಡಾಲರಿಗೆ ಮಾತಾಯ್ತು. ಮಾರ್ತಿರೋದು ಮನೆ ಒಡತಿಯ ಮಗ, ಅವರಮ್ಮ ತೀರಿಕೊಂಡಿದ್ರು, ಅವನಿರೋದು ಬೇರೆ ರಾಜ್ಯ. ಇದನ್ನ ನೆನಪಿಟ್ಕೊಳಿ, ದೂರದಲ್ಲಿ ಕೂತು ಮಾರೋನಿಗೆ ಒಂದು ಮೊಳೆ ಹೊಡೆಸೋದೂ ಕಷ್ಟ.

ದಾವಣಗೆರೆಗೆ ಫೋನ್ ಮಾಡಿ ಹೇಳಿದೆ. ಅಪ್ಪಾಜಿ ಖುಷಿಯಾಗಿ ಅವತ್ತೇ ಭಟ್ಟರ ಹತ್ರ ಹೋಗಿ ಪಂಚಾಂಗ ತೆಗೆಸಿದ್ರು. ರಾತ್ರಿ ವಾಪಸ್ ಫೋನ್. "ನೋಡಪ್ಪಾ, ಜೂನ್ ಮೊದಲ ವಾರದಲ್ಲಿ ದಿನ ಐತೆ. ಅದು ಬಿಟ್ರೆ ಗುರು ಅಸ್ತ, ಅದರ ಹಿಂದೇನೇ ಆಷಾಢ, ಇನ್ನು ಶ್ರಾವಣಾನೇ. ಅಷ್ಟರೊಳಗೆ ರಿಜಿಸ್ಟರ್ ಮಾಡಿಸ್ಕೋ." ಕ್ಲೋಸಿಂಗ್, ಅಂದ್ರೆ ದುಡ್ಡು ಕಾಗದಪತ್ರ ಮುಗಿಸಿ ಮನೆ ನಮ್ಮದಾಗೋ ದಿನ, ಜೂನ್ 4ಕ್ಕೆ ಅಂತ ಬರೆದಿದ್ದೇ ಈ ಕಾರಣಕ್ಕೆ. ಲೆಂಡರ್ ಹುಡುಗ 30 ದಿನ ಅಂದ್ರೆ ಟೈಟ್ ಆಗತ್ತೆ ಅಂದಿದ್ದ. ನಾನು ಮುಹೂರ್ತದ ವಿಷಯ ಅವನಿಗೆ ಹೇಗೆ ಹೇಳ್ಲಿ, "ಫ್ಯಾಮಿಲಿ ಫಂಕ್ಷನ್ ಇದೆ" ಅಂತ ಹೇಳಿ ಒಪ್ಪಿಸಿದೆ.

ಟೆಕ್ಸಸಲ್ಲಿ ಆಪ್ಶನ್ ಪೀರಿಯಡ್ ಅಂತ ಒಂದಿದೆ, ಇದು ಬಹಳ ಒಳ್ಳೇದು. ಒಂದಿಷ್ಟು ಫೀ ಕೊಟ್ರೆ, ಮಾತಾಡ್ಕೊಂಡ ದಿನಗಳೊಳಗೆ ಕಾರಣಾನೇ ಕೊಡದೆ ಒಪ್ಪಂದ ಬಿಟ್ಟು ಹೋಗಬಹುದು. ನಮ್ಮದು 200 ಡಾಲರಿಗೆ ಏಳು ದಿನ. ಸೈನ್ ಆದ ಮಾರನೇ ದಿನದಿಂದ ಲೆಕ್ಕ, ಕೊನೇ ದಿನ ಸಂಜೆ 5 ಗಂಟೆಗೆ ಬಾಗಿಲು ಹಾಕಿದ ಹಾಗೆ, 5 ಗಂಟೆ 5 ನಿಮಿಷ ಅಂದ್ರೂ ಇಲ್ಲ. ಅರ್ನೆಸ್ಟ್ ಮನಿ, ಅಂದ್ರೆ ಮುಂಗಡ, 2,700 ಬೇರೆ, ಕಾಗದಪತ್ರ ದುಡ್ಡು ನೋಡ್ಕೊಳ್ಳೋ ಟೈಟಲ್ ಕಂಪನಿ ಹತ್ರ ಇಡ್ಬೇಕು.

ಈ ಏಳು ದಿನದಲ್ಲೇ ಇನ್‌ಸ್ಪೆಕ್ಷನ್ ಮುಗಿಸ್ಬೇಕು, ಆದ್ರೆ ವಿಎ ಇದನ್ನ ಕಡ್ಡಾಯ ಮಾಡಿಲ್ಲ. ಅದಕ್ಕೇ ನಾನು 475 ಡಾಲರ್ ಉಳಿಸೋಣ ಅಂತ ಲೆಕ್ಕ ಹಾಕಿದ್ದೆ, ಹೇಗಿದ್ರೂ ವಿಎ ಕಡೆಯೋರು ಬಂದು ನೋಡ್ತಾರಲ್ಲ ಅಂತ. ನಮ್ಮ ಏಜೆಂಟಮ್ಮ, ಆಕೆ ಗಂಡಾನೂ ಏರ್ ಫೋರ್ಸು, ಫೋನಲ್ಲೇ ಬೈದ್ಲು. ಅಪ್ರೈಸರ್ ಬರೋದು ಈ ಮನೆಗೆ ಇಷ್ಟು ಬೆಲೆ ಬಾಳತ್ತಾ, ವಾಸಕ್ಕೆ ಯೋಗ್ಯವಾಗಿದೆಯಾ ಅಂತ ಹೇಳೋಕೆ, ಅದು ಸಾಲ ಕೊಡೋರಿಗಾಗಿ. ಅವನು ಅಟ್ಟ ಪೂರ್ತಿ ಹತ್ತಲ್ಲ, ಪ್ಯಾನಲ್ ಬಿಚ್ಚಲ್ಲ, ಎಸಿ ಎಷ್ಟು ವರ್ಷ ಬಾಳತ್ತೆ ಅಂತ ಹೇಳಲ್ಲ. ಆ ಕೆಲಸಕ್ಕೆ ನಿನ್ನ ದುಡ್ಡಲ್ಲಿ ನಿನ್ನ ಮನುಷ್ಯ ಬೇಕು ಅಂದ್ಲು. ನಮ್ಮೂರ ಲೆಕ್ಕದಲ್ಲಿ ಹೇಳೋದಾದ್ರೆ, ಹೋಮ್ ಲೋನಿಗೆ ಬ್ಯಾಂಕಿಂದ ವ್ಯಾಲ್ಯುಯರ್ ಬಂದು ಅರ್ಧ ಗಂಟೆ ಸುತ್ತಾಡಿ ನಾಲ್ಕು ಫೋಟೋ ಹೊಡ್ಕೊಂಡು ಹೋಗ್ತಾರಲ್ಲ, ಅಪ್ರೈಸರ್ ಅಂದ್ರೆ ಅವರು. ಇನ್‌ಸ್ಪೆಕ್ಟರ್ ಅಂದ್ರೆ ನೀವೇ ಕರ್ಕೊಂಡು ಹೋಗೋ, ಗೋಡೆ ತಟ್ಟಿ ನೋಡೋ ಗೊತ್ತಿರೋ ಮೇಸ್ತ್ರಿ.

ಮೇ 8, ಗುರುವಾರ ಬೆಳಗ್ಗೆ. ಇನ್‌ಸ್ಪೆಕ್ಷನಿಗೆ ಬಂದವರು ಅರವತ್ತು ದಾಟಿದ ಮನುಷ್ಯ, ಅವರೂ ರಿಟೈರ್ಡ್ ಏರ್ ಫೋರ್ಸ್. ಮೂರೂವರೆ ಗಂಟೆ ಬಿಡದೆ ನೋಡಿದ್ರು. ದಯವಿಟ್ಟು ಕೆಲಸಕ್ಕೆ ರಜೆ ಹಾಕಿಯಾದ್ರೂ ಜೊತೆಗೆ ಇರಿ, ಆಮೇಲೆ ಬರೋ ರಿಪೋರ್ಟ್ ಓದಿದ್ರೆ ಎಂಥವನಿಗೂ ಎದೆ ಧಸಕ್ ಅನ್ನತ್ತೆ. ನಮ್ಮದು 54 ಪುಟ. ಟೆಕ್ಸಸಲ್ಲಿ ರಾಜ್ಯದ್ದೇ ಒಂದು ಫಾರ್ಮ್ ಇದೆ, ಒಂದೊಂದು ವಸ್ತುವಿಗೂ ನೋಡಿದ್ದು, ನೋಡದೇ ಇದ್ದಿದ್ದು, ಇಲ್ಲವೇ ಇಲ್ಲದ್ದು, ದೋಷ ಇರೋದು ಅಂತ ನಾಲ್ಕು ಚೌಕ. ದೋಷದ ಚೌಕ ತುಂಬಿದ ಸಾಲುಗಳು ಲೆಕ್ಕ ಹಾಕ್ತಾ ನಮ್ಮನೆಯೋಳು "ರೀ, ಇದು ಮನೆಯೋ ಗುಜರಿಯೋ" ಅಂದ್ಲು. ಆದ್ರೆ ಜೊತೆಗಿದ್ದ ನನಗೆ ಗೊತ್ತಿತ್ತು, ಅದರಲ್ಲಿ ಅರ್ಧ ಬಾಗಿಲ ಸ್ಟಾಪರ್ ಇಲ್ಲ, ಸ್ವಿಚ್ ಕವರ್ ಒಡೆದಿದೆ ಅಂಥದ್ದು.

ನಿಜವಾಗಿ ತಲೆನೋವಿನವು ಮೂರು. ಒಂದು, ಕರೆಂಟ್ ಪ್ಯಾನಲ್. ಎಪ್ಪತ್ತರ ದಶಕದ್ದು, ಬ್ರೇಕರ್ ಟ್ರಿಪ್ ಆಗಬೇಕಾದಾಗ ಆಗಲ್ಲ ಅಂತ ಹೆಸರು ಕೆಡಿಸಿಕೊಂಡ ಬ್ರ್ಯಾಂಡು. ಅವರು ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನನ್ನ ಕಡೆ ತಿರುಗಿ, "ಮಗಾ, ಬೇರೆ ಏನು ಬಿಟ್ರೂ ಇದನ್ನ ಬಿಡಬೇಡ" ಅನ್ನೋ ಅರ್ಥದಲ್ಲಿ ಏನೋ ಹೇಳಿದ್ರು. ಎರಡು, ಮುಂದಿನ ಗೋಡೆಯ ಇಟ್ಟಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರೋ ಬಿರುಕು, ಒಳಗೆ ಒಂದು ಬೆಡ್‌ರೂಮ್ ಬಾಗಿಲು ಚೌಕಟ್ಟಿಗೆ ಕೂರ್ತಾ ಇರ್ಲಿಲ್ಲ. ಇಲ್ಲಿನ ಎಷ್ಟೋ ಏರಿಯಾದಲ್ಲಿ ನೆಲ ಜೇಡಿಮಣ್ಣು, ನಮ್ಮ ಕಡೆ ಎರೆಭೂಮಿ ಇದೆಯಲ್ಲ ಅದೇ ಸ್ವಭಾವ, ಮಳೆಗೆ ಉಬ್ಬತ್ತೆ ಬಿಸಿಲಿಗೆ ಬಿರಿಯತ್ತೆ, ಅದರ ಮೇಲೆ ಕೂತ ಸ್ಲ್ಯಾಬ್ ಆ ಕಡೆ ಈ ಕಡೆ ಆಡತ್ತೆ. ಮೂರು, ಗ್ಯಾರೇಜ್ ಮೂಲೆಯಲ್ಲಿ ಗೆದ್ದಲಿನ ಮಣ್ಣಿನ ಗೆರೆ. ಗೆದ್ದಲು ರಿಪೋರ್ಟ್ ಅದೇ ದಿನ ಅವರೇ ಮಾಡಿದ್ರು, 95 ಡಾಲರ್ ಜಾಸ್ತಿ. ನೆನಪಿರಲಿ, ಇನ್‌ಸ್ಪೆಕ್ಷನ್ ನಿಮ್ಮಿಷ್ಟ, ಆದ್ರೆ ಟೆಕ್ಸಸ್‌ನಂಥ ಗೆದ್ದಲು ಜಾಸ್ತಿ ಇರೋ ರಾಜ್ಯದಲ್ಲಿ ಗೆದ್ದಲು ರಿಪೋರ್ಟ್ ವಿಎ ಸಾಲಕ್ಕೆ ಬೇಕೇ ಬೇಕು. ಮೊದಲೆಲ್ಲ ಇದನ್ನ ಸಾಮಾನ್ಯವಾಗಿ ಮಾರೋರೇ ಕೊಡ್ಬೇಕಿತ್ತು, ಕೊಳ್ಳೋ ಸೈನಿಕ ಕೊಡೋ ಹಾಗಿರ್ಲಿಲ್ಲ, 2022ರಿಂದ ನಾವೂ ಕೊಡಬಹುದು ಅಂತ ವಿಎ ಬದಲಾಯಿಸಿದೆ. ಹಳೇ ಯೂಟ್ಯೂಬ್ ವಿಡಿಯೋ ನೋಡಿ ಏಜೆಂಟ್ ಜೊತೆ ಜಗಳ ಆಡಬೇಡಿ, ನಾನು ಆಡಿ ಸೋತೆ.

ಬಿರುಕು ನೋಡಿ ರಾತ್ರಿ ನಿದ್ದೆ ಬರ್ಲಿಲ್ಲ. ಫೌಂಡೇಶನ್ ರಿಪೇರಿ ಕಂಪನಿಗಳು ಫ್ರೀ ಆಗಿ ಬಂದು ನೋಡ್ತಾರೆ, ಆದ್ರೆ ರಿಪೇರಿ ಮಾರೋನನ್ನ ರಿಪೇರಿ ಬೇಕಾ ಅಂತ ಕೇಳಿದ್ರೆ ಬೇಡ ಅಂತಾನಾ? ಅದಕ್ಕೆ 450 ಕೊಟ್ಟು ಸ್ಟ್ರಕ್ಚರಲ್ ಇಂಜಿನಿಯರನ್ನ ಶನಿವಾರ ಕರೆಸಿದೆ. ಅವರು ಮನೆಯೆಲ್ಲಾ ಓಡಾಡಿ ನೆಲದ ಮಟ್ಟ ಅಳೆದು, ಒಂದು ಇಂಚಿನಷ್ಟು ವ್ಯತ್ಯಾಸ ಇದೆ, ಐವತ್ತು ವರ್ಷದ ಮನೆಗೆ ಇದೇನು ದೊಡ್ಡದಲ್ಲ, ಪಿಯರ್ (ಸ್ಲ್ಯಾಬ್ ಕೆಳಗೆ ಆಸರೆ ಕಂಬ) ಹಾಕಿಸೋದು ಬೇಡ, ಬೇಸಿಗೆಯಲ್ಲಿ ಮನೆ ಸುತ್ತ ಮಣ್ಣು ಒಣಗೋಕೆ ಬಿಡದೆ ಸೋಕರ್ ಹೋಸಲ್ಲಿ (ಉದ್ದಕ್ಕೂ ನೀರು ಜಿನುಗೋ ಪೈಪು) ನೀರು ಕೊಡ್ತಾ ಇರು, ಮರದ ಬೇರು ಮನೆ ಕಡೆ ಬರದ ಹಾಗೆ ನೋಡ್ಕೋ ಅಂತ ಎರಡು ಪುಟ ಬರೆದು ಸೀಲ್ ಹಾಕಿ ಕೊಟ್ರು. ಈ ಎಲ್ಲಾ ವ್ಯವಹಾರದಲ್ಲಿ ನಾನು ಖರ್ಚು ಮಾಡಿದ ಅತ್ಯುತ್ತಮ 450 ಡಾಲರ್ ಅದು. ಮರದ ವಿಷಯ ಬಂದಿದ್ದಕ್ಕೆ ಒಳಚರಂಡಿ ಪೈಪಿಗೂ ಕ್ಯಾಮೆರಾ ಬಿಡಿಸಿದ್ವಿ, 225. ಒಂದು ಕಡೆ ಸ್ವಲ್ಪ ಬೇರು ಇತ್ತು, ಪೈಪು ಮುರಿದಿರ್ಲಿಲ್ಲ.

ಸೋಮವಾರ ಮೇ 12, ಸಂಜೆ 5ರ ಗಡುವು. ಮಾರೋನಿಗೆ ಎರಡೇ ಕೇಳಿದ್ವಿ, ಪ್ಯಾನಲ್ ಬದಲಾಯಿಸು, ಗೆದ್ದಲಿಗೆ ಔಷಧಿ ಹೊಡೆಸು. 54 ಪುಟ ಇಟ್ಕೊಂಡು ನಲವತ್ತು ಐಟಂ ಕೇಳಿದ್ರೆ ನಲವತ್ತಕ್ಕೂ ಇಲ್ಲ ಅಂತಾರೆ ಅಂತ ಏಜೆಂಟಮ್ಮ ಹೇಳಿದ್ಲು. ಹತ್ತಿರತ್ತಿರ 4:20ಕ್ಕೆ ಅವನ ಸೈನ್ ಬಂತು. ಆ ಒಂದು ದಿನ ಆಫೀಸಲ್ಲಿ ನಾನು ಏನು ಕೆಲಸ ಮಾಡಿದೆ ಅಂತ ನನಗೇ ನೆನಪಿಲ್ಲ. ಅಂದ ಹಾಗೆ ಪ್ಯಾನಲ್ ವಿಷಯದಲ್ಲಿ ನಮಗೆ ಬೇರೆ ದಾರೀನೂ ಇರ್ಲಿಲ್ಲ, ಅದನ್ನ ಬದಲಾಯಿಸದೆ ಇನ್ಶೂರೆನ್ಸ್ ಕೊಡಲ್ಲ ಅಂತ ಇಬ್ಬರು ಹೇಳಿಬಿಟ್ಟಿದ್ರು, ಇನ್ಶೂರೆನ್ಸ್ ಇಲ್ದೆ ಸಾಲ ಇಲ್ಲ. ಹಾಗಾಗಿ ಆಪ್ಶನ್ ದಿನಗಳಲ್ಲೇ ಇನ್ಶೂರೆನ್ಸ್ ಕೋಟ್ ತಗೊಳಿ, ಕೊನೇ ವಾರಕ್ಕೆ ಇಟ್ಕೋಬೇಡಿ.

ಇನ್ನು ಅಪ್ರೈಸಲ್. ಮೇ 13ಕ್ಕೆ ಲೆಂಡರ್ ಆರ್ಡರ್ ಮಾಡಿದ್ರು. ನಾನೇ ಆಪ್ಶನ್ ಮುಗಿಯೋ ತನಕ ತಡೀರಿ ಅಂದಿದ್ದೆ, ಮನೆ ಬಿಟ್ರೆ 650 ಡಾಲರ್ ನೀರುಪಾಲು ಆಗ್ತಿತ್ತು. ಈಗ ಅನ್ಸತ್ತೆ, ಮುಹೂರ್ತ ನಿಜವಾಗ್ಲೂ ಬೇಕಿದ್ದಿದ್ರೆ ಆ ರಿಸ್ಕ್ ತಗೊಂಡು ಒಂದು ವಾರ ಉಳಿಸ್ಬೇಕಿತ್ತು. ವಿಎ ಅಪ್ರೈಸರನ್ನ ಲೆಂಡರ್ ಆಯ್ಕೆ ಮಾಡೋ ಹಾಗಿಲ್ಲ, ನಾವಂತೂ ಇಲ್ಲವೇ ಇಲ್ಲ. ವಿಎ ಪಟ್ಟಿಯಲ್ಲಿರೋರನ್ನ ಸರದಿ ಪ್ರಕಾರ ಕಂಪ್ಯೂಟರ್ರೇ ಹಾಕತ್ತೆ, ಫೀ ಎಷ್ಟು, ಎಷ್ಟು ದಿನದಲ್ಲಿ ಕೊಡ್ಬೇಕು ಅನ್ನೋದೂ ಆಯಾ ಪ್ರದೇಶಕ್ಕೆ ವಿಎ ನಿಗದಿ ಮಾಡಿರತ್ತೆ. ಮೇ 21ಕ್ಕೆ ಬಂದು ಹೋದ್ರಂತೆ, ಇಪ್ಪತ್ತೈದು ನಿಮಿಷ ಇದ್ರಂತೆ. ನಾವು ಇರ್ಲಿಲ್ಲ, ಇರೋ ಪದ್ಧತೀನೂ ಇಲ್ಲ.

ಮೇ 23, ಶುಕ್ರವಾರ ಮಧ್ಯಾಹ್ನ ಲೆಂಡರ್ ಹುಡುಗ ಫೋನ್ ಮಾಡಿ "ಟೈಡ್‌ವಾಟರ್ ಬಂದಿದೆ" ಅಂದ. ನನಗೆ ಯಾವುದೋ ಪ್ರವಾಹದ ಏರಿಯಾ ಇರ್ಬೇಕು, ಫ್ಲಡ್ ಇನ್ಶೂರೆನ್ಸ್ ಕೇಳ್ತಾನೆ ಅನ್ನಿಸ್ತು! ಅದಲ್ಲ. ಬೆಲೆ ನಾವು ಒಪ್ಪಿರೋದಕ್ಕಿಂತ ಕಮ್ಮಿ ಬರೋ ಹಾಗಿದೆ ಅಂತ ಅಪ್ರೈಸರಿಗೆ ಅನ್ನಿಸಿದ್ರೆ, ರಿಪೋರ್ಟ್ ಮುಗಿಸೋ ಮುಂಚೆ ಒಂದು ಎಚ್ಚರಿಕೆ ಕೊಡ್ತಾರೆ, ಎಷ್ಟು ಕಮ್ಮಿ ಅಂತ ಮಾತ್ರ ಹೇಳಲ್ಲ. ಎರಡು ಕೆಲಸದ ದಿನದೊಳಗೆ ನಮ್ಮ ಕಡೆಯಿಂದ ಸುತ್ತಮುತ್ತ ಮಾರಾಟ ಆಗಿರೋ ಹಾಗೇ ಇರೋ ಮನೆಗಳ ವಿವರ ಕೊಡಬಹುದು. ಇದು ವಿಎದಲ್ಲಿ ಮಾತ್ರ ಇರೋ ಪದ್ಧತಿ. ಪುಣ್ಯಕ್ಕೆ ಸೋಮವಾರ ಮೆಮೋರಿಯಲ್ ಡೇ ರಜೆ, ಹಾಗಾಗಿ ಮಂಗಳವಾರ ಬುಧವಾರ ಲೆಕ್ಕಕ್ಕೆ ಬಂತು, ಏಜೆಂಟಮ್ಮ ಆ ಲಾಂಗ್ ವೀಕೆಂಡ್ ಪೂರ್ತಿ ಕೂತು ಮೂರು ಮನೆ ಹುಡುಕಿದ್ಲು. ನಮ್ಮನೆಯೋಳು ಅಷ್ಟರಲ್ಲಿ ಕೌಂಟಿ ವೆಬ್‌ಸೈಟಲ್ಲಿ ನೋಡಿ "ಇಲ್ಲಿ ಬೇರೇನೇ ಅಪ್ರೈಸಲ್ ಹಾಕಿದಾರಲ್ರೀ, ಇದನ್ನ ಕಳಿಸಿ" ಅಂದ್ಲು. ಅದು ಪ್ರಾಪರ್ಟಿ ಟ್ಯಾಕ್ಸಿಗೆ ಅಪ್ರೈಸಲ್ ಡಿಸ್ಟ್ರಿಕ್ಟಿನೋರು ಹಾಕೋ ಬೆಲೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಟೆಕ್ಸಸಲ್ಲಿ ಒಂದೇ ಪದಕ್ಕೆ ಎರಡು ಅರ್ಥ, ನಮ್ಮ ಕೌಂಟಿ ಹೆಸರೇ ಬರೆಯೋದು ಬೆಕ್ಸಾರ್ ಅಂತ, ಕರೆಯೋದು ಬೇರ್ ಅಂತ, ಇನ್ನು ಇದೇನು ಮಹಾ.

ಜೂನ್ 3ಕ್ಕೆ ಎನ್‌ಓವಿ ಬಂತು, ನೋಟಿಸ್ ಆಫ್ ವ್ಯಾಲ್ಯೂ. ಅಪ್ರೈಸರ್ ರಿಪೋರ್ಟನ್ನ ಲೆಂಡರ್ ಹತ್ರ ಇರೋ, ವಿಎ ಒಪ್ಪಿರೋ ರಿವ್ಯೂಯರ್ ಒಬ್ಬರು ನೋಡಿ ಇದನ್ನ ಕೊಡ್ತಾರೆ. ಬೆಲೆ 268 ಸಾವಿರ. ಆರು ಸಾವಿರ ಕಮ್ಮಿ. ಅದರ ಕೆಳಗೆ ರಿಪೇರಿ ಪಟ್ಟಿ ಬೇರೆ.

ಅವತ್ತಿಗೆ ಕೈಯಿಂದ ಹೋಗಿದ್ದು ಆಪ್ಶನ್ ಫೀಯಿಂದ ಹಿಡಿದು ಅಪ್ರೈಸಲ್ ತನಕ 2,095 ಡಾಲರ್, ಅರ್ನೆಸ್ಟ್ ಮನಿ ಬಿಟ್ಟು. ಕ್ಲೋಸಿಂಗ್ ನಾಳೆ ಅಂತ ಕಾಂಟ್ರಾಕ್ಟಲ್ಲಿದೆ. ಅಪ್ಪಾಜಿ ಅಲ್ಲಿ ಅರಿಶಿನ ಕುಂಕುಮ, ಗಣಪತಿ ಫೋಟೋ ಎಲ್ಲಾ ಕೊರಿಯರ್ ಮಾಡಿಬಿಟ್ಟಿದ್ರು. ಅವರಿಗೆ ಹೇಳೋಕೆ ಎರಡು ದಿನ ಧೈರ್ಯ ಬರ್ಲಿಲ್ಲ. ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು "ಹೋಗ್ಲಿ ಬಿಡು, ಬ್ಯಾಂಕ್‌ನೋರೇ ಬೆಲೆ ಜಾಸ್ತಿ ಆಯ್ತು ಅಂತ ಹೇಳ್ತಾವ್ರೆ ಅಂದ್ರೆ ಒಳ್ಳೇದೇ ಆಯ್ತಲ್ಲ" ಅಂದ್ರು. ನನಗೆ ಆ ದೃಷ್ಟಿಯಲ್ಲಿ ಹೊಳೆದೇ ಇರ್ಲಿಲ್ಲ.

ಬೆಲೆ ಕಮ್ಮಿ ಬಂದ್ರೆ ಗಾಬರಿ ಬೇಡ. ವಿಎ ಸಾಲದ ಕಾಂಟ್ರಾಕ್ಟಲ್ಲಿ ಒಂದು ಎಸ್ಕೇಪ್ ಕ್ಲಾಸ್, ಅಂದ್ರೆ ಬಿಟ್ಟು ಬರೋ ಷರತ್ತು, ಇರಲೇಬೇಕು, ಎನ್‌ಓವಿ ಬೆಲೆ ಒಪ್ಪಂದದ ಬೆಲೆಗಿಂತ ಕಮ್ಮಿ ಇದ್ರೆ ಅರ್ನೆಸ್ಟ್ ಮನಿ ವಾಪಸ್ ತಗೊಂಡು ಎದ್ದು ಬರಬಹುದು. ಇಲ್ಲಾಂದ್ರೆ ಮಾರೋನು ಇಳಿಸ್ಬೇಕು, ಅಥವಾ ಮೇಲಿಂದು ನಾವು ಕ್ಯಾಶ್ ಹಾಕ್ಬೇಕು, ಅಥವಾ ಬೆಲೆ ಮತ್ತೆ ನೋಡಿ ಅಂತ (ರಿಕನ್ಸಿಡರೇಶನ್) ಲೆಂಡರ್ ಮೂಲಕ ಬರೆದು ಕೇಳ್ಬೇಕು. ನಮ್ಮ ಹತ್ರ ಇದ್ದ ಮೂರು ಒಳ್ಳೇ ಮನೆ ವಿವರ ಟೈಡ್‌ವಾಟರಲ್ಲೇ ಖಾಲಿ ಆಗಿತ್ತು, ಹೊಸದಾಗಿ ಹೇಳೋಕೆ ಏನೂ ಇಲ್ಲ, ಅದಕ್ಕೆ ಮತ್ತೆ ಕೇಳೋಕೆ ಹೋಗ್ಲಿಲ್ಲ. ಮೂರು ದಿನ ಎಳೆದಾಟ ಆಗಿ 271 ಸಾವಿರಕ್ಕೆ ನಿಂತಿತು. ಸಾಲ 268 ಸಾವಿರ, ಮೂರು ಸಾವಿರ ನಮ್ಮ ಜೇಬಿಂದ. ಕಮ್ಮಿ ಬೆಲೆ ಬಂದ ಮನೆಗೆ ಕೈಯಿಂದ ಹಾಕಬಾರದು ಅಂತ ನನ್ನ ಹಳೇ ಸಾರ್ಜೆಂಟ್ ಬೈದ್ರು, ಅವರ ಮಾತು ಸರೀನೇ. ಆದ್ರೆ ನಮ್ಮನೆಯೋಳು ಪೆಕಾನ್ ಮರದ ಕೆಳಗೆ ಆಗ್ಲೇ ತುಳಸಿಕಟ್ಟೆಗೆ ಜಾಗ ನೋಡಿದ್ಲು, ಅಲ್ಲಿಗೆ ಮುಗೀತು.

ಈಗ ರಿಪೇರಿ ಪಟ್ಟಿ, ನಿಜವಾದ ತಮಾಷೆ ಇರೋದು ಇಲ್ಲಿ. ಮನೆ ಸುರಕ್ಷಿತ, ಗಟ್ಟಿ, ಆರೋಗ್ಯಕರ ಇರ್ಬೇಕು ಅನ್ನೋ ಕನಿಷ್ಠ ನಿಯಮಗಳಿವೆ, ಎಂಪಿಆರ್ ಅಂತಾರೆ. ನನ್ನ ನಿದ್ದೆಗೆಡಿಸಿದ ಬಿರುಕಿನ ಬಗ್ಗೆ ಅಪ್ರೈಸರ್ ಒಂದಕ್ಷರ ಬರೆದಿರ್ಲಿಲ್ಲ. ಕರೆಂಟ್ ಪ್ಯಾನಲ್ ಬಗ್ಗೇನೂ ಇಲ್ಲ. ಬರೆದಿದ್ದು ಎರಡು. ಹಿಂದಿನ ಸೂರಿನ ಮರಕ್ಕೆ ಹೊಡೆದ ಪೇಂಟ್ ಚಕ್ಕೆ ಚಕ್ಕೆ ಎದ್ದಿದೆ, 1978ಕ್ಕಿಂತ ಹಳೇ ಮನೆ ಆಗಿರೋದ್ರಿಂದ ಅದರಲ್ಲಿ ಸೀಸ ಇರಬಹುದು, ಕೆರೆದು ಬೇರೆ ಬಣ್ಣ ಹೊಡೆಯಬೇಕು, ಕೆಳಗೆ ಬಿದ್ದ ಚಕ್ಕೆ ಎತ್ತಬೇಕು. ಇದು ಒಪ್ಪೋ ಮಾತೇ, ಮಕ್ಕಳಿರೋ ಮನೆ. ಎರಡನೇದು, ಎರಡು ಬೆಡ್‌ರೂಮಿನ ಕಿಟಕಿಗೆ ಕಬ್ಬಿಣದ ಸರಳು ಇದೆ, ಒಳಗಿಂದ ತೆಗೆಯೋ ವ್ಯವಸ್ಥೆ ಇಲ್ಲ, ಬೆಂಕಿ ಬಿದ್ರೆ ಹೊರಗೆ ಹಾರೋಕಾಗಲ್ಲ, ತೆಗೀರಿ ಅಥವಾ ಒಳಗಿಂದ ಬಿಚ್ಚೋ ಲಿವರ್ ಹಾಕಿಸಿ.

ಮನೆ ನೋಡೋಕೆ ಹೋದ ಮೊದಲ ದಿನ ನಮಗೆ ಆ ಸರಳು ನೋಡಿ ಒಂಥರಾ ಸಮಾಧಾನ ಆಗಿತ್ತು ಸ್ವಾಮಿ. ಅಪ್ಪಾಜಿಗೂ ವಿಡಿಯೋದಲ್ಲಿ ತೋರಿಸಿದ್ದೆ, "ಪರವಾಗಿಲ್ಲ, ಗ್ರಿಲ್ ಐತೆ" ಅಂದಿದ್ರು. ಈಗ ಅದನ್ನೇ ತೆಗೆಸ್ಬೇಕು ಅಂದ್ರೆ ಅವರಿಗೆ ನಂಬೋಕೇ ಆಗ್ಲಿಲ್ಲ. "ಸಾಲ ಕೊಡೋರೇ ಗ್ರಿಲ್ ಕೀಳಿಸ್ತಾರೇನೋ? ಕಳ್ಳ ಬಂದ್ರೆ ಅವರು ಬರ್ತಾರಾ?"

ಮಾರೋನು ಪೇಂಟಿಗೆ ಒಪ್ಪಿದ, ಸರಳಿಗೆ ಒಪ್ಪಲಿಲ್ಲ. ಬೇರೆ ಸಾಲದಲ್ಲಿ ಬರೋರಿಗೆ ಇದೆಲ್ಲ ರಗಳೆ ಇಲ್ಲ ಅಂದನಂತೆ, ಅದಕ್ಕೇ ವಿಎ ಅಂದ್ರೆ ಮುಖ ಹುಳ್ಳಗಾಗೋದು. ನಾನೇ ಹೋಗಿ ಸ್ಪ್ಯಾನರ್ ಹಿಡಿದು ಬಿಚ್ಚಿ ಬರ್ತೀನಿ ಅಂದೆ, ಅರ್ಧ ದಿನದ ಕೆಲಸ. ಆದ್ರೆ ಇನ್ನೂ ಅವನ ಮನೆ, ನಾನು ಏಣಿಯಿಂದ ಬಿದ್ರೆ ಅವನ ತಲೆಗೆ ಬರತ್ತೆ ಅಂತ ಅವರ ಏಜೆಂಟ್ ಬಿಡ್ಲಿಲ್ಲ. ಕೊನೆಗೆ ಒಬ್ಬ ಹ್ಯಾಂಡಿಮ್ಯಾನ್, 640 ಡಾಲರ್, ಅರ್ಧರ್ಧ. ಅವನು ಸಿಕ್ಕಿದ್ದೇ ಜೂನ್ 13ಕ್ಕೆ, ಪೇಂಟ್ ಮುಗಿದಿದ್ದು 17ಕ್ಕೆ. ಮುಗೀತು ಅಂದ್ಕೊಂಡ್ರೆ ಅದೇ ಅಪ್ರೈಸರ್ ಮತ್ತೆ ಬಂದು ನೋಡಿ ಸರಿ ಅನ್ಬೇಕು, ಅದಕ್ಕೆ 175. ಮಧ್ಯ 19ಕ್ಕೆ ಜೂನ್‌ಟೀನ್ತ್ ರಜೆ, ಆಮೇಲೆ ವೀಕೆಂಡು, 23ಕ್ಕೆ ಬಂದ್ರು. ಹತ್ತು ನಿಮಿಷಾನೂ ಇರ್ಲಿಲ್ವಂತೆ. ಇಷ್ಟರಲ್ಲಿ ಬಡ್ಡಿ ದರದ ಲಾಕ್, ಅಂದ್ರೆ ಇಷ್ಟು ದಿನ ಇದೇ ದರ ಅಂತ ಲೆಂಡರ್ ಹಿಡಿದಿಟ್ಟಿದ್ದು, ಮುಗಿದು ಹೋಗಿತ್ತು, ಮುಂದುವರಿಸೋಕೆ ಸಾಲದ ಶೇ. 0.125, ಅಂದ್ರೆ 335 ಡಾಲರ್. ಲಾಕ್ ಮಾಡುವಾಗ ಕ್ಲೋಸಿಂಗ್ ದಿನಕ್ಕಿಂತ ಎರಡು ಮೂರು ವಾರ ಜಾಸ್ತಿ ಇಟ್ಕೊಳಿ, ಹಳೇ ಮನೆ ಆದ್ರೆ ಇನ್ನೂ ಜಾಸ್ತಿ. ಮತ್ತೆ ಮನೆ ನೋಡೋಕೆ ಹೋದ ಮೊದಲ ದಿನವೇ ಸೂರಿನ ಕೆಳಗೆ ಕತ್ತೆತ್ತಿ ನೋಡಿ, ಎದ್ದ ಪೇಂಟು, ಕೊಳೆತ ಮರ, ಸರಳು ಕಂಡ್ರೆ ಆಪ್ಶನ್ ದಿನಗಳಲ್ಲೇ ಮಾತಾಡಿ ಮಾಡಿಸಿ, ಅಪ್ರೈಸರ್ ಬರೋ ಮುಂಚೆ. ನಾವು 54 ಪುಟ ಇಟ್ಕೊಂಡು ಇವೆರಡನ್ನ ಸಣ್ಣದು ಅಂತ ಪಕ್ಕಕ್ಕಿಟ್ಟಿದ್ವಿ. ರಿಪೋರ್ಟಲ್ಲಿ ಸರಳಿನ ಬಗ್ಗೆ ಇತ್ತು ಕಣ್ರೀ, 31ನೇ ಪುಟ. ನಾನು ಓದಿ ಗ್ರಿಲ್ ತಾನೇ ಅಂತ ಮುಂದೆ ಹೋಗಿದ್ದೆ.

ಆಮೇಲಿಂದು ಬೇಗ ಹೇಳ್ತೀನಿ. 24ಕ್ಕೆ ಕ್ಲಿಯರ್ ಟು ಕ್ಲೋಸ್, ಅಂದ್ರೆ ಲೆಂಡರಿಂದ ಕೊನೇ ಒಪ್ಪಿಗೆ, 25ಕ್ಕೆ ಸಾಲದ, ಖರ್ಚಿನ ಪೂರ್ತಿ ಲೆಕ್ಕ ಇರೋ ಕ್ಲೋಸಿಂಗ್ ಡಿಸ್ಕ್ಲೋಶರ್ ಬಂತು, ಅದು ಕೈಗೆ ಬಂದ ಮೇಲೆ ಮೂರು ಬಿಸಿನೆಸ್ ದಿನ ಕಾಯಲೇಬೇಕು, ಹಾಗಾಗಿ 30, ಸೋಮವಾರ. ನಮ್ಮ ಅಪಾರ್ಟ್‌ಮೆಂಟ್ ಲೀಸ್ ಮುಗಿಯೋದೂ ಅದೇ 30! ಕೊನೆಗೆ ವೈರ್ ಮಾಡಿದ್ದು 8,900 ಚಿಲ್ಲರೆ, ಮೇಲಿನ ಮೂರು ಸಾವಿರ, ಟ್ಯಾಕ್ಸು, ಇನ್ಶೂರೆನ್ಸ್ ಎಲ್ಲಾ ಸೇರಿ. ಸೊನ್ನೆ ಡೌನ್ ಅಂದ್ರೆ ಸೊನ್ನೆ ಖರ್ಚು ಅಲ್ಲ ಅಂತ ಮನೆಯಲ್ಲಿ ಮೊದಲೇ ಹೇಳಿಡಿ. ವೈರ್ ಮಾಡೋ ಮುಂಚೆ ಟೈಟಲ್ ಕಂಪನಿಗೆ ನೀವೇ ಫೋನ್ ಮಾಡಿ ಅಕೌಂಟ್ ನಂಬರ್ ಓದಿಸ್ಕೊಳಿ, ಈಮೇಲಲ್ಲಿ ಬಂದ ಫೋನ್ ನಂಬರಿಗಲ್ಲ, ಮೊದಲಿಂದ ನಿಮ್ಮ ಹತ್ರ ಇರೋ ನಂಬರಿಗೆ. ಇನ್ನೊಂದು, ಟೆಕ್ಸಸಲ್ಲಿ ಡಿಸೆಬಿಲಿಟಿ ರೇಟಿಂಗ್ ಶೇ. 10 ಇದ್ರೂ ಪ್ರಾಪರ್ಟಿ ಟ್ಯಾಕ್ಸಿಗೆ ಹಿಡಿಯೋ ಬೆಲೆಯಲ್ಲಿ 5,000 ಕಳೀತಾರೆ, ಶೇ. 100 ಇದ್ರೆ ಇರೋ ಮನೆಗೆ ಟ್ಯಾಕ್ಸೇ ಇಲ್ಲ. ಆದ್ರೆ ಅರ್ಜಿ ನೀವೇ ಹಾಕ್ಬೇಕು, ತಾನಾಗಿ ಬರಲ್ಲ.

ಕೀ ಸಿಕ್ಕಿದ್ದು ಆಷಾಢದಲ್ಲಿ. ಲೀಸ್ ಮುಗಿದಿತ್ತು, ಬೇರೆ ದಾರಿ ಇಲ್ಲ, ಅಪ್ಪಾಜಿ ಹತ್ರ ಮಾತಾಡಿ ಒಂದು ಒಪ್ಪಂದಕ್ಕೆ ಬಂದ್ವಿ: ಮಲಗಬಹುದು, ಸಾಮಾನು ಗ್ಯಾರೇಜಲ್ಲಿ ಇಡಬಹುದು, ಆದ್ರೆ ಒಲೆ ಹಚ್ಚೋ ಹಾಗಿಲ್ಲ, ಹಾಲುಕ್ಕಿಸೋದು ಶ್ರಾವಣಕ್ಕೆ. ಹಾಗಾಗಿ ಇಪ್ಪತ್ತು ದಿನದಿಂದ ಹಿತ್ತಲಲ್ಲಿ ಕರೆಂಟ್ ಕುಕ್ಕರ್ ಇಟ್ಕೊಂಡು ಅನ್ನ ಸಾರು ಮಾಡ್ತಿದೀವಿ, ಪೆಕಾನ್ ಮರದ ಕೆಳಗೆ. ಮಕ್ಕಳಿಗೆ ಕ್ಯಾಂಪಿಂಗ್ ಅಂತ ಹೇಳಿದೀವಿ. ಕಿತ್ತ ಸರಳು ಗ್ಯಾರೇಜಲ್ಲೇ ಇದೆ, ಬಿಸಾಕೋಕೆ ಮನಸಿಲ್ಲ.

ನಿನ್ನೆ ಸಂಜೆ ಸೋಕರ್ ಹೋಸ್ ಬಿಟ್ಟು ಗೋಡೆ ಸುತ್ತ ನಿಂತಿದ್ದೆ, ಅಪ್ಪಾಜಿ ವಿಡಿಯೋ ಕಾಲ್. ಬಗ್ಗಿ ಬಗ್ಗಿ ನೋಡಿ, "ಅದ್ಯಾಕೋ ಗೋಡೆ ಬುಡಕ್ಕೆ ನೀರು ಬಿಟ್ಟಿದೀಯ, ಕ್ಯೂರಿಂಗಾ?" ಅಂದ್ರು. ಇಂಜಿನಿಯರ್ ಹೇಳಿದಾರೆ ಅಪ್ಪಾಜಿ, ದಿನಾ ಬಿಡ್ಬೇಕಂತೆ ಅಂದೆ. "ಐವತ್ತು ವರ್ಷದ ಮನೆಗೆ ಎಂಥ ಕ್ಯೂರಿಂಗಪ್ಪಾ" ಅಂತ ಫೋನನ್ನ ಅಮ್ಮನ ಕೈಗೆ ಕೊಟ್ರು.